ಅಳತೆ ತಪ್ಪಿದ ಬಳೆ

ಊಟದ ಡಬ್ಬಿ ತೊಳೆಯಲೆಂದು ಗಂಡನ ಚೀಲಕ್ಕೆ ಕೈ ಹಾಕಿದ ರೂಪಾಲಿಗೆ ಡಬ್ಬಿಗಿಂತ ಮೊದಲು ಬಳೆಗಳು ಸಿಕ್ಕವು. ಕಟ್ಟಿಗೆಯ ಬಳೆಗಳು. ಲೇಥಿನ ಮೇಲೆ ತಿರುವಿ, ಆಮೇಲೆ ಯಂತ್ರದಿಂದ ಮರಳು ಊದಿ ಮಾಡಿದ್ದವು. ಮೆತ್ತನೆಯ ಭಾಗವನ್ನೆಲ್ಲ ಮರಳು ತಿಂದು, ಗಟ್ಟಿ ಗೆರೆಗಳಷ್ಟೇ ಮುದುಕರ ಕೈನರಗಳಂತೆ ಎದ್ದು ನಿಂತಿದ್ದವು. ಒಂದನ್ನು ಕೈಗೇರಿಸಿದಳು. ಕೈ ಇಳಿಬಿಟ್ಟದ್ದೇ ತಡ, ಜಾರಿ ನೆಲಕ್ಕೆ ಬಿತ್ತು.

ಇದು ತನ್ನ ಅಳತೆಯಲ್ಲ. ಅವಳ ಮೈಯೆಲ್ಲ ಉರಿಯಿತು.

ಇಷ್ಟು ವರ್ಷದ ಸಂಸಾರದಲ್ಲಿ ಒಂದು ಮೊಳ ಮಲ್ಲಿಗೆ ತಂದವನಲ್ಲ ಈ ಗುರುದೇವ. ಉಮರ್ಗಾದ ಹೆದ್ದಾರಿ ಪಕ್ಕದ ಕಾರ್ಖಾನೆಯಲ್ಲಿ, ಸಿರಿವಂತರ ಮನೆಗೆ ಹೋಗುವ ದೀಪದ ಕಂಬಗಳಿಗೆ ಮರಳು ಊದುವುದು ಅವನ ಕೆಲಸ. ಅಲ್ಲೇ ಮಾಲು ಕಟ್ಟಲು ಸಾರಿಕಾ ಇದ್ದಾಳೆ. ಮೈಕೈ ತುಂಬಿಕೊಂಡವಳು. ಬೇಸಗೆಯಿಂದ ಇವನ ಹಾಸಿಗೆ ಪಡಸಾಲೆಗೆ ಹೋಗಿದೆ. ಕೇಳಿದರೆ ಕೆಮ್ಮಿನ ನೆಪ. ಆಗಾಗ ಮಾಲು ತರುತ್ತೇನೆಂದು ಸೊಲ್ಲಾಪುರಕ್ಕೆ ಹೋಗಿ ಬರಿಗೈಯಲ್ಲಿ ಬರುತ್ತಾನೆ. ಪಕ್ಕದ ಮನೆಯ ಲಲಿತಾಬಾಯಿಯ ಗಂಡ ತೀರಿಕೊಂಡ ದಿನವೂ ಅಷ್ಟೇ. ಹೆಂಗಸರ ಅಳು ಏರುತ್ತಿದ್ದಂತೆ ಎದ್ದು ಕಾರ್ಖಾನೆಗೆ ಹೋಗಿಬಿಟ್ಟಿದ್ದ. ಸಾವಿನ ಮನೆಯಲ್ಲೂ ಇವನ ಮನಸ್ಸು ನಿಲ್ಲಲಿಲ್ಲ! ನಿನ್ನೆ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿಗೆ ಏನನ್ನೋ ಟಕ್ ಟಕ್ ಬಡಿದು, ತಿರುಗಿಸಿ ನೋಡಿ, ತನ್ನಷ್ಟಕ್ಕೆ ನಕ್ಕಿದ್ದ. ಯಾವಳಿಗಾಗಿ ಆ ನಗು ಎಂದು ಈಗ ತಿಳಿಯಿತು.

ಹಿತ್ತಲಲ್ಲಿ ಮುಖ ತೊಳೆದು ಗುರುದೇವ ಒಳಗೆ ಬಂದ. ಅವಳು ಒಲೆಯ ಮುಂದೆ ಬಳೆ ಹಿಡಿದು ನಿಂತಿದ್ದಳು.

"ಯಾರಿಗಿ ಮಾಡೀರಿ ಇವು?"

ಅವನ ಮುಖ ಕಪ್ಪಿಟ್ಟಿತು. "ಇದ್ದಲ್ಲೇ ಇಡು. ನೀ ಈಗ ನೋಡೂವಂಥವಲ್ಲ."

"ಸಾರಿಕಾಗ ಏನು?"

"ಆಕಿಗ್ಯಾಕ?" ಕೆಮ್ಮು ಒತ್ತರಿಸಿ ಬಂತು. "ನಿನಗೇ. ಆದ್ರ ಈಗಲ್ಲ."

"ನನಗ? ನನ್ನ ಕೈಯಾಗ ನಿಲ್ಲೂದೇ ಇಲ್ಲ! ಸುಳ್ಳಾದ್ರೂ ನೆಟ್ಟಗ ಹೇಳ್ರಿ!"

ಬಳೆಗಳನ್ನೆಲ್ಲ ಒಲೆಗೆ ತಳ್ಳಿದಳು. ಒಣ ಸಾಗವಾನಿ, ಭಗ್ಗನೆ ಹತ್ತಿಕೊಂಡಿತು. ಅವನು ಬೆಂಕಿಗೇ ಕೈ ಹಾಕಿದ, ಸುಟ್ಟುಕೊಂಡು ಹಿಂದೆಗೆದ. ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಗೋಡೆಗೆ ಒರಗಿ ಕುಳಿತುಬಿಟ್ಟ.

"ಕಲ್ಲಿಗಿ ಬಡದು ನೋಡಿದ್ದೆ," ಎಂದ. "ಬೆಂಕಿ ನೆನಪಾಗ್ಲಿಲ್ಲ."

"ಏನ್ ಹೇಳಾಕತ್ತೀರಿ?"

ಅವನು ಅವಳ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೊಣಕೈವರೆಗೆ ಹಸಿರು ಗಾಜಿನ ಬಳೆಗಳು.

"ಮರಳು ನನ್ನ ಎದಿ ತಿಂದದ, ರೂಪಾ, ದೀವಳಿಗಿ ನಾ ಕಾಣೂದಿಲ್ಲ ಅಂದಾರ ಸೊಲ್ಲಾಪುರದ ಡಾಕ್ಟರ್. ಬಳಿ ಒಡಿಯೂವಾಗ ಲಲಿತಾಬಾಯಿ ಕೈಯಾಗ ಗಾಜು ನಟ್ಟು ರಕ್ತ ಹರೀತಲಾ; ನಿನ್ನವು ಯಾರೂ ಒಡಿಬಾರದು, ತಾವಾಗೇ ಜಾರಬೇಕಂತ ಸಡಿಲ ಮಾಡಿದ್ದೆ."