ಪೇಟದ ಆಸೆ

ಸಮಾರಂಭಕ್ಕೆ ಆರೋಗ್ಯ ಮಂತ್ರಿಗಳು ಬರುತ್ತಾರೆ ಎಂಬ ಒಂದೇ ಕಾರಣಕ್ಕೆ, ಸನ್ಮಾನ ಸಮಿತಿಯ ಕಾರ್ಯದರ್ಶಿ ಈ ಸಲ ಸಾಂಕ್ರಾಮಿಕ ರೋಗಗಳ ಸಂಶೋಧಕಿಯೊಬ್ಬಳನ್ನು ಆರಿಸಿದ್ದ. ಊರಿನ ಗಣ್ಯರ ತಲೆಗಳಲ್ಲಿ ಮಾತ್ರ ಹಬ್ಬುತ್ತಿದ್ದ ಹುಳುಕಡ್ಡಿ ಎಂಬ ತುರಿಕೆ ರೋಗದ ಮೂಲವನ್ನು ಅವಳು ಹುಡುಕುತ್ತಿದ್ದಳಂತೆ. ಕಂಡವರ ಮನೆಗೆ ಹೋಗಿ, ಎಲ್ಲಿಗೆ ಹೋಗಿದ್ರಿ, ಯಾರ ಜೊತೆ ಕೂತಿದ್ರಿ ಎಂದು ಕೇಳುತ್ತಾ ತಿರುಗುವುದೂ ಒಂದು ಸಾಧನೆಯೇ? ಕಾರ್ಯದರ್ಶಿಗೆ ನಗು ಬರುತ್ತಿತ್ತು.

ಮೊದಲು ಅವಳು, "ನನಗೆ ಈ ಸನ್ಮಾನ ಎಲ್ಲಾ ಬೇಡ ಸರ್" ಎಂದಿದ್ದಳು. ವಾರ ಕಳೆದ ಮೇಲೆ ತಾನಾಗಿಯೇ ಫೋನ್ ಮಾಡಿದಳು.

"ಪೇಟಾನೂ ತೊಡಿಸ್ತೀರಾ ಸರ್?"

"ತೊಡಿಸದೆ ಇರ್ತೀವಾ ಮೇಡಂ? ಜರತಾರಿ ಪೇಟ! ಫೋಟೊ ತೆಗೆದಾದ್ಮೇಲೆ ವಾಪಸ್ ಕೊಟ್ಬಿಡ್ಬೇಕು, ಅಷ್ಟೇ."

"ಹಾಗಾದ್ರೆ ಬರ್ತೀನಿ."

ಹೋದ ವರ್ಷ ತನಗೆ ತಾನೇ ಸನ್ಮಾನ ಮಾಡಿಸಿಕೊಂಡಿದ್ದ ಕಾರ್ಯದರ್ಶಿ, ಪರಪರ ತಲೆ ಕೆರೆದುಕೊಳ್ಳುತ್ತಾ ಖಜಾಂಚಿಗೆ ಹೇಳಿದ: "ಇಷ್ಟು ಓದಿದೋಳಿಗೂ ಪೇಟದ ಆಸೆ ನೋಡ್ರಿ! ಥೂ."

ಆ ದಿನ ವೇದಿಕೆಯ ಮೇಲೆ ಮಂತ್ರಿಗಳು ಪೇಟವನ್ನು ಎತ್ತಿ ಹಿಡಿದರು. ಅವಳು ತಲೆ ಬಾಗಿಸಲಿಲ್ಲ. ಬ್ಯಾಗಿನಿಂದ ಕೈಗವಸು ತೆಗೆದು ಹಾಕಿಕೊಂಡು, ಪೇಟವನ್ನು ಅವರ ಕೈಯಿಂದ ಇಸಿದುಕೊಂಡು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ಚೀಲದ ಬಾಯಿ ಬಿಗಿದಳು.

ಕಾರ್ಯದರ್ಶಿ ಓಡಿ ಬಂದ. "ಮೇಡಂ, ಅದು ಸಮಿತೀದು! ವಾಪಸ್ ಕೊಡ್ಬೇಕು ಅಂದಿದ್ನಲ್ಲ!"

"ನಿಮ್ಮೆಲ್ಲರ ತಲೆಗೂ ಹುಳುಕಡ್ಡಿ ಹತ್ತಿಸಿದ್ದು ಇದೇ ಸರ್, ಲ್ಯಾಬಿಗೆ ಬೇಕು. ಶಾಲು ನೀವೇ ಇಟ್ಕೊಳ್ಳಿ."