ಫೋಟೋ ಬಿಟ್ಟು ಎದ್ದು ಹೋದವರು

ಕೋಟು ತೊಡಿಸಿ ಕೂರಿಸಿದ ಗಂಡಸರು ಬೇಸರ ಬಂದರೆ ಫೋಟೋದಿಂದ ಎದ್ದು ಹೋಗುವುದು ಅರಸೀಕೆರೆಯಲ್ಲಿ ಹೊಸದೇನಲ್ಲ. ಹಾಗೆ ಹೋದವರು ಯಾವುದಾದರೊಂದು ರಸ್ತೆಬದಿಯ ಫೋಟೋದಲ್ಲಿ ಸಿಕ್ಕೇ ಸಿಗುತ್ತಾರೆ. ಆದರೆ ಜಯಶೀಲಮ್ಮನಿಗೆ ತೀರಿಹೋದ ಗಂಡನದೆಂದು ಉಳಿದಿದ್ದು ಮದುವೆಯ ಫೋಟೋ ಒಂದೇ. ಈಗ ಅದರಲ್ಲೂ ಅವರ ಕುರ್ಚಿ ಖಾಲಿ.

ಮೂರು ದಿನದಿಂದ ಅವಳು ಸ್ಟುಡಿಯೋದಲ್ಲಿ ಕೂತು ಪಂಕ್ಚರ್ ಅಂಗಡಿ, ಎಳನೀರಿನ ರಾಶಿ, ಬಸ್ ಸ್ಟಾಪುಗಳ ಫೋಟೋಗಳನ್ನು ತಿರುವಿಹಾಕುತ್ತಿದ್ದಳು. ಇವತ್ತು ಒಂದು ಟೀ ಅಂಗಡಿಯ ಫೋಟೋದ ಮೇಲೆ ಕಣ್ಣು ನಿಂತಿತು. ಬೆಂಚಿನ ಮೇಲೆ ಆರು ಗಂಡಸರು, ಕಾಣುವುದು ಎಲ್ಲರ ಬೆನ್ನೇ.

"ಹೆಸರು ಹಿಡಿದು ಕೂಗಿ ಅಮ್ಮಾ, ತಿರುಗ್ತಾರೆ" ಎಂದರು ಸ್ಟುಡಿಯೋದ ವಾಜಿದ್ ಸಾಬರು.

"ಶಿವ ಶಿವಾ! ಗಂಡನ್ನ ಹೆಸರು ಹಿಡಿದು ಕೂಗೋದಾ?"

ಜಯಶೀಲಮ್ಮ ಫೋಟೋದ ಹತ್ತಿರ ಬಾಗಿ, ಮೆಲ್ಲಗೆ "ರೀ..." ಎಂದಳು.

ಐದು ಜನ ತಟಕ್ಕನೆ ತಿರುಗಿದರು. ಒಂದೂ ಗುರುತಿನ ಮುಖವಲ್ಲ. ಆರನೆಯವರು ಮಾತ್ರ ಕೇಳಿಸಲೇ ಇಲ್ಲವೆಂಬಂತೆ ಟೀಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು.

ಜಯಶೀಲಮ್ಮನ ಕಣ್ಣು ತುಂಬಿ ಬಂತು. "ಇದನ್ನೇ ಕಟ್ಟು ಹಾಕಿಸಿಕೊಡಿ ಸಾಬ್ರೇ, ಇವ್ರೇ ನಮ್ಮನೆಯವ್ರು. ನಲವತ್ತು ವರ್ಷದಲ್ಲಿ ಒಂದು ದಿನನಾದ್ರೂ ಮೊದಲನೇ ಸಲಕ್ಕೇ ತಿರುಗಿದ್ದಿದ್ರೆ ಕೇಳಿ!"