ಬೇಲಿಯಿಲ್ಲದ ಊರು

ವರ್ಷಕ್ಕೆರಡು ಸಲ ಕಡಲು ಎರಡು ದಿನ ಹಿಂದೆ ಸರಿದು, ಮುಳುಗಿದ ಕೋಡಿಬೆಟ್ಟು ಎಂಬ ಊರನ್ನು ಬಿಟ್ಟುಕೊಡುತ್ತಿತ್ತು. ಪುಷ್ಯದಲ್ಲಿ ಪ್ರವಾಸಿಗರ ಗದ್ದಲ. ಆಷಾಢದ ಮಳೆಗೆ ಯಾರೂ ಬರುವುದಿಲ್ಲವೆಂದೇ ರಾಮದಾಸ ಖಾರ್ವಿ ಆಗ ಹೆಂಡತಿ ಸುಗಂಧಿ, ಮಗಳು ಪ್ರಣತಿಯ ಜೊತೆ ಬಂದು, ತನ್ನ ಮನೆಯಿದ್ದ ಮರಳಿನ ಮೇಲೆ ಡೇರೆ ಹಾಕುತ್ತಿದ್ದ.

ಹತ್ತು ಮಾರು ಆಚೆ ಹಳೆಯ ನೆರೆಯವನಾದ ಬಸ್ತ್ಯಾಂವನ ಡೇರೆ. ಎರಡು ಮನೆಗಳ ನಡುವಿನ ಬೇಲಿಯ ಜಗಳದಲ್ಲಿ ರಾಮದಾಸನಿಗೂ ಅವನಿಗೂ ಮಾತು ನಿಂತಿತ್ತು. ಕಡಲು ಬೇಲಿಯನ್ನು ನುಂಗಿ ಹನ್ನೆರಡು ವರ್ಷವಾದರೂ ಮಾತು ಶುರುವಾಗಿರಲಿಲ್ಲ. ಸುಗಂಧಿ ಮತ್ತು ಬಸ್ತ್ಯಾಂವನ ಹೆಂಡತಿ ಕಾರ್ಮಿಣ್ ಮಾತ್ರ ಒಣಮೀನಿನ ಸಾರು ಕೊಟ್ಟು ತೆಗೆದುಕೊಳ್ಳುತ್ತಿದ್ದರು.

ಈ ಸಲ ಬಸ್ತ್ಯಾಂವ ಒಬ್ಬನೇ ಬಂದಿದ್ದ.

"ಕಾರ್ಮಿಣ್ ಬಾಯಿ ಬರಲಿಲ್ವಾ?" ಎಂದು ಪ್ರಣತಿ ಕೇಳಿದಳು.

"ಹೋಗಿಬಿಟ್ಟಳು ಮಗಾ, ಕ್ರಿಸ್ಮಸ್ ಕಳೆದ ಮೇಲೆ."

ಗೂಟ ಹೊಡೆಯುತ್ತಿದ್ದ ರಾಮದಾಸನ ಕೈ ನಿಂತಿತು.

ಮಧ್ಯಾಹ್ನ ಗಾಳಿಯೆದ್ದು ಬಸ್ತ್ಯಾಂವನ ಡೇರೆ ಹಾರಿಹೋಯಿತು. ಅವನು ಅದರ ಹಿಂದೆ ಓಡದೆ ಮಳೆಯಲ್ಲೇ ನಿಂತುಬಿಟ್ಟ. ರಾಮದಾಸ ಹೋಗಿ ಅವನ ತೋಳು ಹಿಡಿದುಕೊಂಡ.

"ಒಳಗೆ ಬಾ."

ಬಸ್ತ್ಯಾಂವ ನಾಲ್ಕು ಹೆಜ್ಜೆ ನಡೆದು ನಿಂತ. "ಬೇಲಿ ಎಲ್ಲಿತ್ತು ಅಂತ ನೆನಪೇ ಆಗ್ತಿಲ್ಲ, ರಾಮದಾಸ."

"ನನಗೂ ಆಗ್ತಿಲ್ಲ. ಗಂಜಿ ಆರ್ತದೆ, ಬಾ."

ಸುಗಂಧಿ ಇನ್ನೊಂದು ತಟ್ಟೆ ಇಟ್ಟಳು. ಉಣ್ಣುತ್ತಾ ಉಣ್ಣುತ್ತಾ ಬಸ್ತ್ಯಾಂವ ಕಾರ್ಮಿಣಳ ಕೊನೆಯ ದಿನಗಳ ವಿಷಯ ಹೇಳಿದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮರುದಿನ ಕಡಲು ಮರಳುವ ಎಚ್ಚರಿಕೆಯ ಸೈರನ್ ಕೂಗಿದಾಗ ಇಬ್ಬರೂ ಸೇರಿ ಡೇರೆ ಮಡಚಿದರು.

"ಮುಂದಿನ ಆಷಾಢಕ್ಕೆ ನಾನು ಡೇರೆ ತರೋದಿಲ್ಲ," ಎಂದ ಬಸ್ತ್ಯಾಂವ.

"ತರಬೇಡ," ಎಂದ ರಾಮದಾಸ.